ಖೊಟ್ಟಿ ಕೋರಿಕೆಯ ಕಾಲು ಶತಮಾನ: ತಾಲ್ಲೂಕು ಕಚೇರಿಯ ದಾಖಲೆಯಿಂದ ಜಾಲತಾಣದ ಟೋಕನ್‌ವರೆಗೆ

ಬಳಕೆದಾರರ ಅಧಿಕಾರ ಹೊತ್ತ, ಆದರೆ ಅವರು ಕಳಿಸಬೇಕೆಂದು ಎಣಿಸಿಯೇ ಇರದ ಕೋರಿಕೆಯೊಂದು ಅವರದೇ ಬ್ರೌಸರಿನಿಂದ ಜಾಲತಾಣಕ್ಕೆ ಹೋಗಿ ಜಾರಿಯಾಗುವುದಕ್ಕೆ ಕಂಪ್ಯೂಟರ್ ಭದ್ರತೆಯ ಪರಿಭಾಷೆಯಲ್ಲಿ ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ ಎನ್ನುತ್ತಾರೆ. ಸಿಎಸ್‌ಆರ್‌ಎಫ್ ಎಂಬುದು ಅದರ ಚಿಕ್ಕ ಹೆಸರು. ಕಂದಾಯ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಇದು ಖೊಟ್ಟಿ ಕೋರಿಕೆ. ಇಲ್ಲಿ ಪಾಸ್‌ವರ್ಡ್ ಕಳುವಾಗುವುದಿಲ್ಲ, ಯಾವ ಬೀಗವೂ ಒಡೆಯುವುದಿಲ್ಲ. ಸಹಿ ಅಸಲಿ, ಮೊಹರು ಅಸಲಿ; ಅರ್ಜಿ ಮಾತ್ರ ಬೇರೆಯವರು ಬರೆದದ್ದು.

ಈ ಲೋಪ ಹೆಚ್ಚು ಕಾಡಿದ್ದು ವಿಷಯ ನಿರ್ವಹಣಾ ವ್ಯವಸ್ಥೆಗಳನ್ನು, ಅಂದರೆ ಸಿಎಂಎಸ್‌ಗಳನ್ನು. ಕೋಡ್ ಬರೆಯಲು ಬಾರದವರೂ ಜಾಲತಾಣದಲ್ಲಿ ಸುದ್ದಿ, ಚಿತ್ರ, ಪ್ರಕಟಣೆ ಹಾಕಲು ಅನುವು ಮಾಡಿಕೊಡುವ ತಂತ್ರಾಂಶಗಳಿವು. ವರ್ಡ್‌ಪ್ರೆಸ್, ದ್ರುಪಲ್, ಜೂಮ್ಲಾ ಇವುಗಳಲ್ಲಿ ಹೆಸರಾದವು. ಅಡ್ಮಿನ್ ಆಗಿ ಒಮ್ಮೆ ಒಳಹೊಕ್ಕವರು ಪುಟ ಅಳಿಸಬಹುದು, ಹೊಸ ಬಳಕೆದಾರರನ್ನು ಸೇರಿಸಬಹುದು, ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್ ಹಾಕಬಹುದು. ಒಂದೇ ಲಾಗಿನ್‌ಗೆ ಇಷ್ಟು ಅಧಿಕಾರ ಇರುವುದರಿಂದ, ಆ ಲಾಗಿನ್‌ನ ಹೆಸರಿನಲ್ಲಿ ಹೋದ ಒಂದೇ ಒಂದು ಖೊಟ್ಟಿ ಕೋರಿಕೆ ಇಡೀ ತಾಣವನ್ನು ಪರರ ಕೈಗೆ ಒಪ್ಪಿಸಬಲ್ಲದು.

ಪಹಣಿ ಮತ್ತು ಬೆರಳ ಗುರುತು

ಈಗಿನ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸರ್ಕಾರಿ ದಾಖಲೆಯ ಅಸಲಿತನದ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಬೇಡ ನಾಯಕರ ಸುರಪುರ ಸಂಸ್ಥಾನ 1858ರ ಬಂಡಾಯದ ನಂತರ ಬ್ರಿಟಿಷರ ವಶವಾಗಿ, 1860ರಲ್ಲಿ ಹೈದರಾಬಾದಿನ ನಿಜಾಮರ ಕೈ ಸೇರಿತು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಅಲ್ಲಿಂದ ಮುಂದೆ ಕನ್ನಡ ನಾಡಿನ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆ. ಉರ್ದುವಿನಲ್ಲಿದ್ದ ದಫ್ತರ ಕನ್ನಡಕ್ಕೆ ಬಂತು, ಆದರೆ ಜಮೀನಿನ ದಾಖಲೆ ಮಾತ್ರ ಹಳ್ಳಿಯ ಲೆಕ್ಕಿಗರ ಕೈಬರಹದಲ್ಲೇ ಉಳಿಯಿತು. ಪಹಣಿಯಲ್ಲಿ ಒಂದು ಹೆಸರು ಹೇಗೆ ಬಂತು, ಇನ್ನೊಂದು ಹೇಗೆ ಹೋಯಿತು ಎಂದು ಕೇಳಿದರೆ ಉತ್ತರ ಆ ಪುಸ್ತಕ ಇಟ್ಟುಕೊಂಡವರ ಬಳಿ ಮಾತ್ರ ಇರುತ್ತಿತ್ತು.

ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಇದನ್ನು ಬದಲಿಸಿತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲೂ ಕಂಪ್ಯೂಟರ್ ಪಹಣಿ ಸಿಗತೊಡಗಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್ಐಸಿ, ಸಿದ್ಧಪಡಿಸಿದ ಈ ತಂತ್ರಾಂಶದಲ್ಲಿ ಪಾಸ್‌ವರ್ಡ್‌ನ ಜಾಗದಲ್ಲಿ ಬೆರಳ ಗುರುತು ಇತ್ತು. ಯಾವ ಅಧಿಕಾರಿ, ಯಾವ ದಿನ, ಯಾವ ಬದಲಾವಣೆ ಮಾಡಿದರು ಎಂಬುದು ದಾಖಲಾಗುತ್ತಿತ್ತು. ‘ನಾನಲ್ಲ’ ಎನ್ನಲು ಯಾರಿಗೂ ದಾರಿ ಉಳಿಯಲಿಲ್ಲ. ಆಗಿನ ಭೂಮಿ ತಾಲ್ಲೂಕು ಕಚೇರಿಯ ನಾಲ್ಕು ಗೋಡೆಯೊಳಗಿನ ಮುಚ್ಚಿದ ವ್ಯವಸ್ಥೆ. ಅದನ್ನು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಜೊತೆಜೊತೆಗೇ ಹೊರಗಿನ ಜಾಲಪುಟಗಳು ತೆರೆದುಕೊಂಡು ಅದಕ್ಕೆ ಆಜ್ಞೆ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಸರ್ಕಾರಿ ಕೆಲಸ ಬ್ರೌಸರಿಗೆ ಬಂದಾಗ ಆ ಗೋಡೆ ಬಿತ್ತು.

ಕುಕಿ ತಂದ ಅನುಕೂಲ

ವರ್ಲ್ಡ್ ವೈಡ್ ವೆಬ್‌ನ ಮೂಲ ನಿಯಮಾವಳಿಗೆ ನೆನಪು ಇರಲಿಲ್ಲ. ಪ್ರತಿ ಕೋರಿಕೆಯೂ ಹೊಸ ಮುಖವೇ. ಅಂಗಡಿಯ ತಾಣದಲ್ಲಿ ಒಬ್ಬರು ಏನೇನು ಆರಿಸಿಟ್ಟಿದ್ದಾರೆ ಎಂಬುದನ್ನು ಸರ್ವರ್ ನೆನಪಿಡಲೆಂದು ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಕುಕಿಯನ್ನು ರೂಪಿಸಿದರು. ಲಾಗಿನ್ ಆದಾಗ ಸರ್ವರ್ ಬ್ರೌಸರಿಗೆ ಒಂದು ಗುರುತು ಕೊಡುತ್ತದೆ. ಮುಂದೆ ಆ ತಾಣಕ್ಕೆ ಹೋಗುವ ಪ್ರತಿ ಕೋರಿಕೆಯ ಜೊತೆಗೂ ಬ್ರೌಸರ್ ಅದನ್ನು ತಾನಾಗಿಯೇ ಲಗತ್ತಿಸುತ್ತದೆ. ಕೋರಿಕೆ ಹುಟ್ಟಿದ್ದು ಅದೇ ತಾಣದ ಪುಟದಲ್ಲೋ ಬೇರೆಯವರ ಪುಟದಲ್ಲೋ ಎಂದು ಬ್ರೌಸರ್ ನೋಡುತ್ತಿರಲಿಲ್ಲ. ಮುಂದಿನ ಎರಡು ದಶಕದ ತೊಂದರೆಯೆಲ್ಲ ಹುಟ್ಟಿದ್ದು ಇಲ್ಲಿ.

ಇದರ ಬೆನ್ನಲ್ಲೇ ನೆಟ್‌ಸ್ಕೇಪ್ ಇನ್ನೊಂದು ಕಟ್ಟಳೆಯನ್ನೂ ತಂದಿತು: ಒಂದು ತಾಣದ ಪುಟ ಇನ್ನೊಂದು ತಾಣದ ಪುಟವನ್ನು ಓದುವಂತಿಲ್ಲ. ಆದರೆ ಈ ಕಟ್ಟಳೆ ಓದುವುದನ್ನು ತಡೆಯಿತೇ ಹೊರತು ಕಳಿಸುವುದನ್ನು ತಡೆಯಲಿಲ್ಲ. ಒಂದು ಪುಟ ಬೇರೆ ತಾಣದ ಚಿತ್ರವನ್ನು ತರಿಸಿಕೊಳ್ಳಬಹುದಿತ್ತು, ಬೇರೆ ತಾಣಕ್ಕೆ ಫಾರಂ ತುಂಬಿ ಕಳಿಸಬಹುದಿತ್ತು. ವೆಬ್ ಬೆಳೆದದ್ದೇ ಇಂಥ ಕೊಂಡಿಗಳಿಂದ. ಹಾಗಾಗಿ ಅದನ್ನು ಮುಚ್ಚಲು ಯಾರೂ ಮುಂದಾಗಲಿಲ್ಲ.

ಈ ಲೋಪದ ತಾತ್ವಿಕ ಬೇರು ಇನ್ನೂ ಹಳೆಯದು. 1988ರಲ್ಲಿ ನಾರ್ಮ್ ಹಾರ್ಡಿ ಎಂಬ ವಿಜ್ಞಾನಿ ಗೊಂದಲಕ್ಕೆ ಬಿದ್ದ ಕಾರಕೂನನ ಸಮಸ್ಯೆಯನ್ನು ವಿವರಿಸಿದ್ದರು. ಟೈಮ್‌ಶೇರ್ ಕಂಪನಿಯ ಕಂಪೈಲರ್ ತಂತ್ರಾಂಶಕ್ಕೆ ಬಿಲ್ಲಿನ ಕಡತ ಇದ್ದ ಜಾಗದಲ್ಲಿ ಬರೆಯುವ ಅಧಿಕಾರವಿತ್ತು. ಬಳಕೆದಾರರೊಬ್ಬರು ತಮ್ಮ ಫಲಿತಾಂಶವನ್ನು ಬರೆಯಲು ಬಿಲ್ಲಿನ ಕಡತದ ಹೆಸರನ್ನೇ ಕೊಟ್ಟಾಗ ಕಂಪೈಲರ್ ತನ್ನ ಅಧಿಕಾರ ಬಳಸಿ ಬಿಲ್ಲನ್ನೇ ಅಳಿಸಿಹಾಕಿತು. ಬಳಕೆದಾರರಿಗೆ ಆ ಅಧಿಕಾರ ಇರಲಿಲ್ಲ, ಕಂಪೈಲರಿಗೆ ಆ ಉದ್ದೇಶ ಇರಲಿಲ್ಲ, ಬಿಲ್ಲಂತೂ ಹೋಯಿತು. ಹದಿಮೂರು ವರ್ಷದ ನಂತರ ಬ್ರೌಸರ್‌ಗಳ ವಿಷಯದಲ್ಲೂ ಇದೇ ದೋಷ ಗುರುತಿಗೆ ಬಂತು.

ಮೋಸ ನಡೆಯುವ ಬಗೆ

ಸಣ್ಣ ಊರಿನ ಕಚೇರಿಯೊಂದನ್ನು ಊಹಿಸಿಕೊಳ್ಳಬಹುದು. ಡೇಟಾ ಎಂಟ್ರಿ ಆಪರೇಟರ್ ಬೆಳಿಗ್ಗೆ ಜಾಲತಾಣಕ್ಕೆ ಲಾಗಿನ್ ಆಗಿ ಟೆಂಡರ್ ಪ್ರಕಟಣೆಯೊಂದನ್ನು ಹಾಕುತ್ತಾರೆ. ಲಾಗ್ಔಟ್ ಆಗುವುದಿಲ್ಲ, ಮಧ್ಯಾಹ್ನ ಮತ್ತೆ ಕೆಲಸವಿದೆ. ಪಕ್ಕದ ಟ್ಯಾಬಿನಲ್ಲಿ ಇಮೇಲ್‌ನಲ್ಲಿ ಬಂದ ಕೊಂಡಿಯೊಂದನ್ನು ತೆರೆಯುತ್ತಾರೆ. ಆ ಪುಟದಲ್ಲಿ ಕಾಣುವುದು ಒಂದು ಸುದ್ದಿ. ಕಾಣದೆ ಇರುವುದು ಒಂದು ಫಾರಂ: ಅದರಲ್ಲಿ ಹೊಸ ಬಳಕೆದಾರರ ಹೆಸರು, ಪಾಸ್‌ವರ್ಡ್, ಹುದ್ದೆಯ ಜಾಗದಲ್ಲಿ ‘ಅಡ್ಮಿನಿಸ್ಟ್ರೇಟರ್’ ಎಂದು ಮೊದಲೇ ತುಂಬಿಟ್ಟಿದೆ. ಪುಟ ತೆರೆದ ಕೂಡಲೆ ಎರಡು ಸಾಲಿನ ಸ್ಕ್ರಿಪ್ಟ್ ಆ ಫಾರಂ ಅನ್ನು ಕಚೇರಿಯ ಜಾಲತಾಣಕ್ಕೆ ಕಳಿಸುತ್ತದೆ. ಬ್ರೌಸರ್ ಎಂದಿನಂತೆ ಕುಕಿ ಲಗತ್ತಿಸುತ್ತದೆ. ಸರ್ವರ್ ನೋಡಿದರೆ ಕುಕಿ ಸರಿಯಿದೆ, ಫಾರಂ ಸರಿಯಿದೆ. ಹೊಸ ಅಡ್ಮಿನ್ ಸೃಷ್ಟಿಯಾಗುತ್ತಾರೆ. ಆಪರೇಟರ್‌ಗೆ ಏನೂ ಗೊತ್ತಾಗುವುದಿಲ್ಲ. ನಂತರ ತಾಣದ ದಾಖಲೆಯಲ್ಲಿ ಹುಡುಕಿದರೆ ಸಿಗುವುದು ಅವರದೇ ಹೆಸರು, ಅವರದೇ ಕಂಪ್ಯೂಟರಿನ ವಿಳಾಸ.

ಜಾಲತಾಣವು ಪುಟ ತೋರಿಸಲು ಬಳಸುವ ‘ಗೆಟ್’ ಬಗೆಯ ಕೋರಿಕೆಗೇ ಅಳಿಸುವ, ಬದಲಿಸುವ ಕೆಲಸವನ್ನೂ ಒಪ್ಪಿಸಿದ್ದರೆ ಫಾರಂ ಕೂಡ ಬೇಕಿಲ್ಲ. ಚಿತ್ರದ ವಿಳಾಸವೆಂದು ಆ ಕೊಂಡಿಯನ್ನು ಬರೆದಿಟ್ಟರೆ ಸಾಕು, ಚಿತ್ರ ತರಲು ಹೋದ ಬ್ರೌಸರ್ ಪುಟವನ್ನು ಅಳಿಸಿ ಬರುತ್ತದೆ. ಗೆಟ್ ಕೋರಿಕೆಯಿಂದ ಏನೂ ಬದಲಾಗಬಾರದೆಂದು 1999ರ ಎಚ್‌ಟಿಟಿಪಿ ನಿಯಮಾವಳಿ ಹೇಳಿತ್ತಾದರೂ ಅದನ್ನು ಪಾಲಿಸದ ತಾಣಗಳು ಎಷ್ಟೋ ಇದ್ದವು.

ಹೆಸರು ಬಂದ ಕಾಲ

2001ರ ಜೂನ್‌ನಲ್ಲಿ ಪೀಟರ್ ವಾಟ್ಕಿನ್ಸ್ ಎಂಬವರು ಈ ಲೋಪವನ್ನು ಬಿಡಿಸಿ ಹೇಳಿ ಅದಕ್ಕೆ ಈಗಿನ ಹೆಸರನ್ನು ಇಟ್ಟರು. ಅದಕ್ಕೆ ಒಂದು ವರ್ಷ ಮೊದಲೇ ಜೋಪ್ ಎಂಬ ಜಾಲ ತಂತ್ರಾಂಶದವರು ಇದೇ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಆದರೂ ಹಲವು ವರ್ಷ ಇದು ಬಲ್ಲವರ ನಡುವಿನ ಮಾತಾಗಿಯೇ ಉಳಿಯಿತು.

ಕಣ್ಣು ತೆರೆಸಿದ್ದು ದೊಡ್ಡ ತಾಣಗಳ ಪ್ರಕರಣಗಳು. 2007ರಲ್ಲಿ ಜಿಮೇಲ್‌ನಲ್ಲಿ ಇಂಥ ಲೋಪ ಬಯಲಾಯಿತು: ಬಳಕೆದಾರರಿಗೆ ಗೊತ್ತಿಲ್ಲದೆ ಅವರ ಖಾತೆಯಲ್ಲಿ ಫಿಲ್ಟರ್ ಒಂದನ್ನು ಸೇರಿಸಿ, ಬಂದ ಪತ್ರಗಳನ್ನು ಬೇರೆಡೆಗೆ ರವಾನಿಸಬಹುದಿತ್ತು. 2008ರ ಆರಂಭದಲ್ಲಿ ಮೆಕ್ಸಿಕೋದಲ್ಲಿ ಇಮೇಲ್ ಒಳಗಿನ ಕೋಡ್ ಮನೆಯ ಮೋಡೆಮ್‌ಗಳಿಗೇ ಆಜ್ಞೆ ಕಳಿಸಿ, ಬ್ಯಾಂಕಿನ ವಿಳಾಸವನ್ನು ನಕಲಿ ತಾಣದತ್ತ ತಿರುಗಿಸಿತು. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಜೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್, ಐಎನ್‌ಜಿ ಡೈರೆಕ್ಟ್ ಬ್ಯಾಂಕಿನ ತಾಣದಲ್ಲಿ ಇದೇ ಲೋಪದಿಂದ ಗ್ರಾಹಕರ ಖಾತೆಯ ಹಣವನ್ನೇ ವರ್ಗಾಯಿಸಬಹುದಿತ್ತೆಂದು ತೋರಿಸಿಕೊಟ್ಟರು. ಜಾಲತಾಣಗಳ ಹತ್ತು ದೊಡ್ಡ ಅಪಾಯಗಳನ್ನು ಪಟ್ಟಿಮಾಡುವ ಓವಾಸ್ಪ್ ಸಂಸ್ಥೆ 2007ರಲ್ಲಿ ಸಿಎಸ್‌ಆರ್‌ಎಫ್‌ಗೆ ಐದನೆಯ ಸ್ಥಾನ ಕೊಟ್ಟಿತು.

ಸಿಎಂಎಸ್‌ಗಳ ಉತ್ತರ

ಪರಿಹಾರದ ತಿರುಳು ಸರಳ. ಕುಕಿಯ ಜೊತೆಗೆ ಇನ್ನೊಂದು ಗುಟ್ಟು ಇರಬೇಕು; ಅದು ತಾನಾಗಿ ಲಗತ್ತಾಗಬಾರದು, ತಾಣದ ಸ್ವಂತ ಪುಟದೊಳಗೆ ಮಾತ್ರ ಇರಬೇಕು. ಪರರ ಪುಟ ಕೋರಿಕೆ ಕಳಿಸಬಲ್ಲದು, ಆದರೆ ಈ ತಾಣದ ಪುಟವನ್ನು ಓದಲಾರದು. ಹಾಗಾಗಿ ಗುಟ್ಟು ಅದಕ್ಕೆ ದಕ್ಕುವುದಿಲ್ಲ. ಈ ಗುಟ್ಟಿಗೆ ಟೋಕನ್ ಎಂದು ಹೆಸರು.

2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ವರ್ಡ್‌ಪ್ರೆಸ್ ಮೊದಲ ವರ್ಷಗಳಲ್ಲಿ ಟೋಕನ್ ಬಳಸಲಿಲ್ಲ. ಕೋರಿಕೆ ಯಾವ ಪುಟದಿಂದ ಬಂತೆಂದು ಬ್ರೌಸರ್ ತಿಳಿಸುವ ಸಾಲನ್ನಷ್ಟೇ ಪರೀಕ್ಷಿಸುತ್ತಿತ್ತು. ಆದರೆ ಕೆಲವು ಕಚೇರಿಗಳ ಫೈರ್‌ವಾಲ್‌ಗಳು ಆ ಸಾಲನ್ನು ಕಿತ್ತುಹಾಕುತ್ತಿದ್ದುದರಿಂದ ನಿಜವಾದ ಅಡ್ಮಿನ್‌ಗಳೇ ಹೊರಗೆ ಉಳಿಯುತ್ತಿದ್ದರು. 2006ರ ಜೂನ್‌ನಲ್ಲಿ ಬಂದ 2.0.3 ಆವೃತ್ತಿ ‘ನಾನ್ಸ್’ ಎಂಬ ಟೋಕನ್ ತಂದಿತು. ಇದು ಹತ್ತು ಅಕ್ಷರದ ಸಂಕೇತ. ಯಾವ ಬಳಕೆದಾರ, ಯಾವ ಕೆಲಸ, ಯಾವ ಹೊತ್ತು ಎಂಬ ಮೂರನ್ನೂ ತಾಣದ ಗುಪ್ತ ಕೀಲಿಯೊಂದಿಗೆ ಅರೆದು ತೆಗೆದದ್ದು. ಹನ್ನೆರಡು ಗಂಟೆಯ ಎರಡು ಅವಧಿಗಳ ಲೆಕ್ಕದಲ್ಲಿ ಗರಿಷ್ಠ 24 ಗಂಟೆ ಬದುಕುತ್ತದೆ. ಒಂದು ಪುಟ ಅಳಿಸಲು ಕೊಟ್ಟ ನಾನ್ಸ್ ಇನ್ನೊಂದು ಪುಟ ಅಳಿಸಲು ನಡೆಯುವುದಿಲ್ಲ. ಟೋಕನ್ ಹೊಂದದಿದ್ದರೆ ವರ್ಡ್‌ಪ್ರೆಸ್ ಹಲವು ವರ್ಷ ಒಂದೇ ಪ್ರಶ್ನೆ ಕೇಳುತ್ತಿತ್ತು: ಇದನ್ನು ಖಂಡಿತ ಮಾಡಬೇಕೆ? ಆ ಪ್ರಶ್ನೆ ಏಕೆ ಬಂತೆಂದು ತಿಳಿಯದೆ ತಬ್ಬಿಬ್ಬಾದ ಅಡ್ಮಿನ್‌ಗಳು ಲೆಕ್ಕವಿಲ್ಲದಷ್ಟು. 2014ರಲ್ಲಿ ಬಂದ 4.0 ಆವೃತ್ತಿಯಿಂದ ನಾನ್ಸ್‌ಗೆ ಆಯಾ ಲಾಗಿನ್‌ನ ಗುರುತೂ ಸೇರಿತು.

ದ್ರುಪಲ್ 2006ರ ಮೇ ತಿಂಗಳ 4.7 ಆವೃತ್ತಿಯಲ್ಲಿ ಫಾರಂಗಳನ್ನು ಒಂದೇ ಅಚ್ಚಿನಲ್ಲಿ ತಯಾರಿಸುವ ಪದ್ಧತಿ ತಂದಿತು. ಪ್ರತಿ ಫಾರಂಗೂ ಟೋಕನ್ ತಾನಾಗಿ ಸೇರುವುದರಿಂದ ಪ್ರೋಗ್ರಾಮರ್ ಮರೆತರೂ ರಕ್ಷಣೆ ತಪ್ಪುವುದಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ಹರಿ ಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಕನ್ನಡ ತಾಣ ದ್ರುಪಲ್ ಮೇಲೆಯೇ ಕಟ್ಟಿದ್ದು. ಯುನಿಕೋಡ್ ಕನ್ನಡದಲ್ಲಿ ನೂರಾರು ಜನ ಒಂದೇ ತಾಣದಲ್ಲಿ ಬರೆಯತೊಡಗಿದ್ದೂ, ಸಿಎಂಎಸ್‌ಗಳು ಈ ಲೋಪಕ್ಕೆ ಮದ್ದು ಹುಡುಕಿದ್ದೂ ಒಂದೇ ಕಾಲದಲ್ಲಿ. ಜೂಮ್ಲಾ 2008ರ ಜನವರಿಯ 1.5 ಆವೃತ್ತಿಯಲ್ಲಿ ಟೋಕನ್ ಅಳವಡಿಸಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲೂ ಪ್ರತಿ ಸಂಪಾದನೆಯ ಹಿಂದೆ ಟೋಕನ್ ಇದೆ. ಲಾಗಿನ್ ಆದವರಿಗೆ ಉದ್ದನೆಯ ಸಂಕೇತ. ಲಾಗಿನ್ ಆಗದೆ ತಿದ್ದುವವರಿಗೆ ಬರೀ ಎರಡು ಚಿಹ್ನೆ, ಒಂದು ಕೂಡಿಸುವ ಗುರುತು ಮತ್ತು ಒಂದು ಓರೆಗೆರೆ, ಎಲ್ಲರಿಗೂ ಅದೇ. ಹೆಸರಿಲ್ಲದವರಿಗೆ ವಿಶೇಷ ಅಧಿಕಾರವೂ ಇಲ್ಲ. ಅಧಿಕಾರ ಇಲ್ಲದ ಕಡೆ ಕದಿಯಲು ಏನೂ ಇರುವುದಿಲ್ಲ.

ಪ್ಲಗಿನ್ ಎಂಬ ಹಿಂಬಾಗಿಲು

ಮೂಲ ತಂತ್ರಾಂಶ ಗಟ್ಟಿಯಾದರೂ ಅದಕ್ಕೆ ಸೇರಿಸುವ ಪ್ಲಗಿನ್‌ಗಳು ಬಿಡಿ ಲೇಖಕರ ಕೈಯಲ್ಲಿವೆ. ನಾನ್ಸ್ ಪರೀಕ್ಷಿಸುವ ಒಂದು ಸಾಲನ್ನು ಬರೆಯಲು ಮರೆತರೆ ಲೋಪ ಮರಳಿ ಬರುತ್ತದೆ. 2020ರ ಜನವರಿಯಲ್ಲಿ ‘ಕೋಡ್ ಸ್ನಿಪೆಟ್ಸ್’ ಪ್ಲಗಿನ್‌ನಲ್ಲಿ ಆದದ್ದು ಇದೇ. 2 ಲಕ್ಷಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳು ಬಳಸುತ್ತಿದ್ದ ಈ ಪ್ಲಗಿನ್‌ನ ಬೇರೆಲ್ಲ ಕಡೆ ರಕ್ಷಣೆ ಇತ್ತು. ಹೊರಗಿನ ಕೋಡನ್ನು ತರಿಸಿಕೊಳ್ಳುವ ಇಂಪೋರ್ಟ್ ಮೆನುವಿಗೆ ಮಾತ್ರ ಇರಲಿಲ್ಲ. ಆ ಒಂದು ಸಂದಿನಿಂದ ತಾಣದಲ್ಲಿ ಯಾವ ಕೋಡನ್ನಾದರೂ ಓಡಿಸಬಹುದಿತ್ತು.

ಮೂಲ ತಂತ್ರಾಂಶವೂ ಪೂರ್ತಿ ಪಾರಾಗಲಿಲ್ಲ. ವರ್ಡ್‌ಪ್ರೆಸ್‌ನ ಪ್ರತಿಕ್ರಿಯೆ ಪೆಟ್ಟಿಗೆಗೆ ಬೇರೆ ತಾಣಗಳಿಂದಲೂ ಸೂಚನೆಗಳು ಬರಬೇಕಿದ್ದುದರಿಂದ ಅಲ್ಲಿ ಕಡ್ಡಾಯ ಟೋಕನ್ ಇಟ್ಟಿರಲಿಲ್ಲ. ಅಡ್ಮಿನ್ ಹೆಸರಿನಲ್ಲಿ ಖೊಟ್ಟಿ ಪ್ರತಿಕ್ರಿಯೆ ಹಾಕಿ, ಅಡ್ಮಿನ್‌ಗೆ ಇರುವ ಸಡಿಲ ನಿಯಮಗಳ ಲಾಭ ಪಡೆದು, ಕೊನೆಗೆ ತಾಣವನ್ನೇ ವಶಪಡಿಸಿಕೊಳ್ಳಬಹುದೆಂದು ಸಂಶೋಧಕ ಸೈಮನ್ ಸ್ಕ್ಯಾನೆಲ್ ತೋರಿಸಿದರು. 2019ರ ಮಾರ್ಚ್‌ನ 5.1.1 ಆವೃತ್ತಿಯಲ್ಲಿ ಅದು ಸರಿಹೋಯಿತು. ಹದಿಮೂರು ವರ್ಷ ಟೋಕನ್ ಬಳಸಿದ ತಂತ್ರಾಂಶದಲ್ಲೂ ಅನುಕೂಲಕ್ಕೆಂದು ಬಿಟ್ಟ ಒಂದು ವಿನಾಯಿತಿ ದುಬಾರಿಯಾಯಿತು.

ಬ್ರೌಸರ್ ಬದಲಾದದ್ದು

ಕೊನೆಗೆ ಮೂಲಕ್ಕೇ ಕೈಹಾಕಬೇಕಾಯಿತು. ಬೇರೆ ತಾಣದ ಪುಟದಿಂದ ಹುಟ್ಟಿದ ಕೋರಿಕೆಗೆ ಕುಕಿಯನ್ನು ಲಗತ್ತಿಸಬೇಡ ಎಂದು ಬ್ರೌಸರಿಗೆ ಹೇಳುವ ‘ಸೇಮ್‌ಸೈಟ್’ ಗುರುತನ್ನು 2016ರಲ್ಲಿ ಕ್ರೋಮ್ 51, 2018ರಲ್ಲಿ ಫೈರ್‌ಫಾಕ್ಸ್ 60 ಅಳವಡಿಸಿಕೊಂಡವು. ಆಗ ತಾಣದವರು ತಾವಾಗಿ ಕೇಳಿದರೆ ಮಾತ್ರ ಈ ರಕ್ಷಣೆ. 2020ರ ಫೆಬ್ರುವರಿಯಲ್ಲಿ ಕ್ರೋಮ್ 80 ಇದನ್ನು ತಿರುಗಿಸಿ, ಕೇಳದಿದ್ದರೂ ರಕ್ಷಣೆ ಇರಲಿ ಎಂದಿತು. ಕೋವಿಡ್ ಹೊತ್ತಿನಲ್ಲಿ ಅಗತ್ಯ ಸೇವೆಗಳ ತಾಣಗಳು ಕೆಡಬಾರದೆಂದು ಏಪ್ರಿಲ್‌ನಲ್ಲಿ ಬದಲಾವಣೆಯನ್ನು ಹಿಂತೆಗೆದು, ಜುಲೈನಲ್ಲಿ ಮತ್ತೆ ಜಾರಿಗೆ ತಂದರು. ಅಷ್ಟರಲ್ಲಿ ಓವಾಸ್ಪ್ ಪಟ್ಟಿಯಲ್ಲಿ ಸಿಎಸ್‌ಆರ್‌ಎಫ್ 2013ರಲ್ಲಿ ಎಂಟನೆಯ ಸ್ಥಾನಕ್ಕೆ ಇಳಿದು, 2017ರಲ್ಲಿ ಪಟ್ಟಿಯಿಂದಲೇ ಬಿಟ್ಟುಹೋಗಿತ್ತು.

ಆದರೆ ಬ್ರೌಸರಿನ ರಕ್ಷಣೆಗೆ ಮಿತಿ ಇದೆ. ‘ಒಂದೇ ತಾಣ’ ಎಂದರೆ ಯಾವುದು ಎಂಬುದನ್ನು ಅದು ವಿಳಾಸದ ಬಾಲ ನೋಡಿ ನಿರ್ಧರಿಸುತ್ತದೆ. ಎನ್ಐಸಿ ಡಾಟ್ ಇನ್, ಜಿಒವಿ ಡಾಟ್ ಇನ್ ಎಂಬ ಬಾಲಗಳನ್ನು ಬ್ರೌಸರ್‌ಗಳು ಸಾರ್ವಜನಿಕ ನೆಲೆ ಎಂದು ಗುರುತಿಸಿವೆ. ಹಾಗಾಗಿ ಎನ್ಐಸಿ ಡಾಟ್ ಇನ್ ಅಡಿಯ ಯಾದಗಿರಿ ಜಿಲ್ಲಾ ತಾಣವೂ ಕಲಬುರಗಿ ಜಿಲ್ಲಾ ತಾಣವೂ ಅದಕ್ಕೆ ಬೇರೆಬೇರೆ. ಕರ್ನಾಟಕದ ಹಲವು ನಗರ ಸ್ಥಳೀಯ ಸಂಸ್ಥೆಗಳ ತಾಣಗಳ ವಿಳಾಸ ಮಾತ್ರ ಎಂಆರ್‌ಸಿ ಡಾಟ್ ಜಿಒವಿ ಡಾಟ್ ಇನ್ ಎಂಬ ಒಂದೇ ಹೆಸರಿನ ಕೆಳಗೆ ಬಂದಿದೆ. ಅಂಥ ಕಡೆ ಒಂದು ಊರಿನ ತಾಣವನ್ನೂ ಇನ್ನೊಂದು ಊರಿನದನ್ನೂ ಬ್ರೌಸರ್ ಒಂದೇ ಮನೆ ಎಂದು ಎಣಿಸುತ್ತದೆ. ಅವುಗಳ ನಡುವೆ ಸೇಮ್‌ಸೈಟ್ ತಡೆಯಾಗುವುದಿಲ್ಲ. ಟೋಕನ್ ಇಂದಿಗೂ ಬೇಕೇಬೇಕು ಎನ್ನುವುದಕ್ಕೆ ಇದೊಂದು ಕಾರಣ.

ಹೊಸ ಜಿಲ್ಲೆ, ಹೊಸ ತಾಣ

ಯಾದಗಿರಿ 2009ರ ಡಿಸೆಂಬರ್ 30ರಂದು ರಾಜ್ಯದ 30ನೆಯ ಜಿಲ್ಲೆಯಾಯಿತು. ಗುಲಬರ್ಗಾದಿಂದ ಬೇರೆಯಾದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೇ ಇದರ ಮೈ; ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಬಂದವು. 2009 ಇನ್ನೆರಡು ಕಾರಣಕ್ಕೂ ಇಲ್ಲಿ ಮುಖ್ಯ. ಭಾರತ ಸರ್ಕಾರದ ಜಾಲತಾಣಗಳು ಹೇಗಿರಬೇಕೆಂಬ ಮಾರ್ಗಸೂಚಿ ಪ್ರಕಟವಾದದ್ದು ಅದೇ ವರ್ಷ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಮಾಡಿದ ತಿದ್ದುಪಡಿ ಜಾರಿಗೆ ಬಂದು, ದೇಶದ ಸೈಬರ್ ಭದ್ರತೆಯನ್ನು ನೋಡಿಕೊಳ್ಳಲು 2004ರಿಂದ ಕೆಲಸ ಮಾಡುತ್ತಿದ್ದ ಸರ್ಟ್-ಇನ್ ಸಂಸ್ಥೆಗೆ ಕಾನೂನಿನ ಬಲ ಸಿಕ್ಕಿದ್ದೂ ಅದೇ ವರ್ಷದ ಅಕ್ಟೋಬರ್ 27ರಂದು.

ಹೊಸ ಜಿಲ್ಲೆಯ ತಾಣದಲ್ಲಿ ಯಾದಗಿರಿ ಕೋಟೆ, ಶಹಾಪುರದ ಬುದ್ಧ ಮಲಗಿದ ಬೆಟ್ಟ, ಸುರಪುರ ಸೀಮೆಯ ಬೋನಾಳ ಪಕ್ಷಿಧಾಮದಂಥ ಸ್ಥಳಗಳ ಪರಿಚಯದ ಪುಟಗಳಷ್ಟೇ ಇದ್ದರೆ ಖೊಟ್ಟಿ ಕೋರಿಕೆಯಿಂದ ದೊಡ್ಡ ಹಾನಿ ಇರುತ್ತಿರಲಿಲ್ಲ. ಆದರೆ ಜಿಲ್ಲಾಡಳಿತದ ತಾಣ ನೇಮಕಾತಿ ಪ್ರಕಟಣೆ, ಟೆಂಡರ್, ಭೂಸ್ವಾಧೀನದ ನೋಟಿಸ್ ಇವುಗಳಿಗೂ ವೇದಿಕೆ. ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಾಗ ನದಿ ದಂಡೆಯ ಹಳ್ಳಿಗಳಿಗೆ ಎಚ್ಚರಿಕೆ ಕೊಡಬೇಕಾದ ಜಿಲ್ಲೆಯಲ್ಲಿ ಅಧಿಕೃತ ಪುಟದ ಒಂದು ಅಂಕಿ ಬದಲಾದರೂ ಅದು ಸಣ್ಣ ಮಾತಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಆನ್‌ಲೈನ್ ಅರ್ಜಿಯನ್ನು ಹಲವರು ತಾವೇ ತುಂಬುವುದಿಲ್ಲ. ಗ್ರಾಮ ಒನ್‌ನಂಥ ಕೇಂದ್ರದ ಆಪರೇಟರ್ ತಮ್ಮ ಲಾಗಿನ್‌ನಲ್ಲಿ ತುಂಬಿಕೊಡುತ್ತಾರೆ. ದಿನವಿಡೀ ತೆರೆದಿರುವ ಒಂದು ಲಾಗಿನ್ ಹತ್ತಾರು ಕುಟುಂಬಗಳ ಕೆಲಸ ಹೊತ್ತಿರುತ್ತದೆ.

ಜಿಲ್ಲೆಗೊಂದು ತಂತ್ರಾಂಶ, ಇಲಾಖೆಗೊಬ್ಬ ಗುತ್ತಿಗೆದಾರ ಎಂಬ ಪದ್ಧತಿಯಲ್ಲಿ ಈ ಲೋಪ ಎಲ್ಲಿ ಉಳಿದಿದೆ ಎಂದು ಹುಡುಕುವುದೇ ಕಷ್ಟ. 2010ರ ದಶಕದ ಕೊನೆಯ ವರ್ಷಗಳಲ್ಲಿ ಎನ್ಐಸಿ ‘ಎಸ್‌3ವಾಸ್’ ಎಂಬ ಸಿದ್ಧ ಚೌಕಟ್ಟನ್ನು ತಂದು ದೇಶದ ಜಿಲ್ಲಾ ತಾಣಗಳನ್ನು ಅದಕ್ಕೆ ಸಾಗಿಸಿತು. ಯಾದಗಿರಿಯ ತಾಣವೂ ಅದರಲ್ಲಿದೆ, ಜಿಲ್ಲಾ ನ್ಯಾಯಾಲಯಗಳ ತಾಣಗಳೂ ಅದೇ ಚೌಕಟ್ಟಿಗೆ ಬಂದವು. ಒಂದು ಕಡೆ ತೇಪೆ ಹಾಕಿದರೆ ಎಲ್ಲ ಜಿಲ್ಲೆಗೂ ತಲುಪುವುದು ಇದರ ಲಾಭ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಖೊಟ್ಟಿ ಕೋರಿಕೆ ಕಳಿಸಿ ದಾಖಲೆ ಬದಲಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಕಲಮುಗಳ ವ್ಯಾಪ್ತಿಗೆ ಬರುತ್ತದೆ; ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಲಾಗ್ ಉಳಿಯುವುದು ಆಪರೇಟರ್‌ಗಳ ಹಿತಕ್ಕೂ ಅಗತ್ಯ. ಕೋರಿಕೆ ಹೊರಗಿನ ಪುಟದಲ್ಲಿ ಹುಟ್ಟಿತೆಂದು ತೋರಿಸುವ ಸುಳಿವು ಸಿಗುವುದಿದ್ದರೆ ಅಲ್ಲಿಯೇ. ಅದಿಲ್ಲದಿದ್ದರೆ ತಾವು ಮಾಡದ ಕೆಲಸಕ್ಕೆ ಅವರೇ ಉತ್ತರ ಕೊಡಬೇಕಾಗುತ್ತದೆ.

ಸಿಎಸ್‌ಆರ್‌ಎಫ್ ಕಡಿಮೆಯಾದದ್ದು ಬಳಕೆದಾರರು ಹೆಚ್ಚು ಜಾಣರಾದರು ಎಂಬ ಕಾರಣಕ್ಕಲ್ಲ. ಸಿಎಂಎಸ್ ಮತ್ತು ಬ್ರೌಸರ್ ತಯಾರಿಸುವವರು ರಕ್ಷಣೆಯನ್ನು ಕೇಳದೆಯೇ ಸಿಗುವಂತೆ ಒಳಗೇ ಸೇರಿಸಿದರು. ಆದರೆ ಆ ರಕ್ಷಣೆ ಹೊಸ ಆವೃತ್ತಿ ಹಾಕಿಕೊಂಡವರಿಗೆ ಮಾತ್ರ. ಸಣ್ಣ ಊರಿನ ಶಾಲೆ, ಸಹಕಾರ ಸಂಘ, ಪತ್ರಿಕೆ, ಕಚೇರಿ ಯಾವುದೇ ಇರಲಿ, ತಾಣ ನಡೆಸುವವರು ಸಿಎಂಎಸ್ ಮತ್ತು ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸಬೇಕು, ಬೇಡದ ಪ್ಲಗಿನ್ ತೆಗೆಯಬೇಕು, ಪ್ರಕಟಣೆ ಹಾಕುವವರಿಗೆ ಅಡ್ಮಿನ್ ಅಧಿಕಾರ ಕೊಡಬಾರದು, ಕೆಲಸ ಮುಗಿದ ಕೂಡಲೆ ಲಾಗ್ಔಟ್ ಆಗಬೇಕು. ಈ ನಾಲ್ಕರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ.